ಹಳೆ ಕಾರು: ಇಟ್ಟುಕೊಳ್ಳೋದಾ, ಮಾರೋದಾ, ಸ್ಕ್ರ್ಯಾಪ್‌ಗೆ ಕೊಡೋದಾ?

"ಕಾರಿಗೆ 15 ವರ್ಷ ತುಂಬ್ತಾ ಬಂತು. ಸ್ಕ್ರ್ಯಾಪ್‌ಗೆ ಕೊಟ್ಟರೆ ಸರ್ಕಾರ ದುಡ್ಡು ಕೊಡುತ್ತಂತೆ. ಕೊಟ್ಟು ಒಳ್ಳೆ ಮೈಲೇಜ್ ಕೊಡೋ ಹೊಸದು ತಗೊಳ್ಳೋದಾ, ಇದನ್ನೇ ಇನ್ನೈದು ವರ್ಷ ಓಡಿಸೋದಾ?"

ಕರ್ನಾಟಕದಲ್ಲಿ 2010ರ ಆಸುಪಾಸಿನಲ್ಲಿ ಕಾರು ಕೊಂಡವರೆಲ್ಲ ಈಗ ಇದೇ ಪ್ರಶ್ನೆ ಕೇಳುತ್ತಿದ್ದಾರೆ. ಶೋರೂಮ್‌ನವರು ಒಂದು ಹೇಳುತ್ತಾರೆ, ಬ್ರೋಕರ್ ಇನ್ನೊಂದು ಹೇಳುತ್ತಾನೆ, ವಾಟ್ಸ್ಆ್ಯಪ್‌ನಲ್ಲಿ ಬರುವುದು ಮೂರನೆಯದು. ಲೆಕ್ಕಕ್ಕೆ ಇಳಿಯುವ ಮುಂಚೆ ಎರಡು ತಪ್ಪು ತಿಳಿವಳಿಕೆ ಸರಿಮಾಡಿಕೊಳ್ಳೋಣ.

ಒಂದು, 15 ವರ್ಷ ಆದ ತಕ್ಷಣ ನಮ್ಮಲ್ಲಿ ಸ್ವಂತ ಕಾರು ಓಡಿಸಬಾರದು ಅಂತ ಕಾನೂನು ಇಲ್ಲ. ಆ ಸುದ್ದಿ ದೆಹಲಿಯದು. 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿ ಓಡಬಾರದು ಅಂತ ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದು ದೆಹಲಿ ಮತ್ತು ಸುತ್ತಲಿನ ಪ್ರದೇಶಕ್ಕೆ ಮಾತ್ರ. ಅಲ್ಲೂ 2025ರ ಜುಲೈನಲ್ಲಿ ಹಳೆ ಗಾಡಿಗೆ ಪೆಟ್ರೋಲ್ ಹಾಕಬೇಡಿ ಅಂತ ಶುರುಮಾಡಿ, ಕೆಲವೇ ದಿನಗಳಲ್ಲಿ ಕೈಬಿಟ್ಟರು. ಕರ್ನಾಟಕದಲ್ಲಿ ಗಾಡಿ ಫಿಟ್ ಇದ್ದರೆ ರಿಜಿಸ್ಟ್ರೇಷನ್ ನವೀಕರಿಸಿಕೊಂಡು ಓಡಿಸಬಹುದು. 2023ರ ಏಪ್ರಿಲ್‌ನಿಂದ ನವೀಕರಣ ಇಲ್ಲ ಅಂದಿದ್ದು ಸರ್ಕಾರಿ ಗಾಡಿಗಳಿಗೆ.

ಎರಡು, ಸರ್ಕಾರ ನಿಮ್ಮ ಖಾತೆಗೆ ದುಡ್ಡು ಹಾಕುವುದಿಲ್ಲ. 2009ರಲ್ಲಿ ಅಮೆರಿಕ ಹಾಗೆ ಮಾಡಿತ್ತು. ಪೆಟ್ರೋಲ್ ಕುಡಿಯುವ ಹಳೆ ಗಾಡಿ ಕೊಟ್ಟು ಹೆಚ್ಚು ಮೈಲೇಜಿನದ್ದು ಕೊಂಡವರಿಗೆ 3,500 ಅಥವಾ 4,500 ಡಾಲರ್ ಕಡಿತ, ಅದರ ಹಣ ನೇರ ಸರ್ಕಾರದ್ದು. 300 ಕೋಟಿ ಡಾಲರ್ ತಿಂಗಳೊಪ್ಪತ್ತಿನಲ್ಲಿ ಖರ್ಚಾಯಿತು. ಅದೇ ವರ್ಷ ಜರ್ಮನಿ 9 ವರ್ಷ ದಾಟಿದ ಕಾರಿಗೆ 2,500 ಯೂರೋ ಕೊಟ್ಟಿತು. ನಮ್ಮಲ್ಲಿ ಸಿಗುವುದು ಬೇರೆ ಬೇರೆ ಕಡೆಯಿಂದ ಬರುವ ಚೂರುಪಾರು ರಿಯಾಯಿತಿ. ಇನ್ನೂ ಒಂದು ವಿಚಿತ್ರ ಏನೆಂದರೆ, ನಮ್ಮ ಸ್ಕ್ರ್ಯಾಪ್ ಯೋಜನೆ ಹೊಸ ಕಾರಿನ ಮೈಲೇಜ್ ಎಷ್ಟು ಅಂತ ಕೇಳುವುದೇ ಇಲ್ಲ. ಸಣ್ಣ ಕಾರು ಕೊಟ್ಟು ದೊಡ್ಡ ಎಸ್‌ಯುವಿ ಕೊಂಡರೂ ರಿಯಾಯಿತಿ ಉಂಟು. ಹಾಗಾಗಿ ಇಂಧನ ಉಳಿಸುವ ಕಾರು ಆರಿಸುವ ಜವಾಬ್ದಾರಿ ಪೂರ್ತಿ ನಿಮ್ಮದೇ.

ಮೊದಲು ಈ ನಾಲ್ಕು ವಿಷಯ ನೋಡಿಕೊಳ್ಳಿ

ಮೊದಲನೆಯದು, ನಿಮ್ಮ ಕಾರಿಗೆ ಇವತ್ತು ಮಾರುಕಟ್ಟೆಯಲ್ಲಿ ಸಿಗುವ ನಿಜವಾದ ಬೆಲೆ. ಆನ್‌ಲೈನ್ ಜಾಹೀರಾತಿನಲ್ಲಿ ಕೇಳುವ ಬೆಲೆ ಅಲ್ಲ, ಯಾರಾದರೂ ಕೈಗೆ ಕೊಡುವ ಬೆಲೆ. ಕನಿಷ್ಠ ಮೂರು ಕಡೆ ತೋರಿಸಿ.

ಎರಡನೆಯದು, ತಿಂಗಳಿಗೆ ಎಷ್ಟು ಕಿಲೋಮೀಟರ್ ಓಡಿಸುತ್ತೀರಿ. ಈ ಇಡೀ ತೀರ್ಮಾನದಲ್ಲಿ ಇದಕ್ಕಿಂತ ದೊಡ್ಡ ಅಂಕಿ ಇಲ್ಲ. ಸುಮ್ನೆ ಅಂದಾಜು ಮಾಡಬೇಡಿ. ಹಳೆ ಸರ್ವಿಸ್ ಬಿಲ್‌ಗಳಲ್ಲಿ ಕಿಲೋಮೀಟರ್ ಬರೆದಿರುತ್ತಾರೆ, ಎರಡು ಬಿಲ್ ಎದುರುಬದುರು ಇಟ್ಟು ಭಾಗಿಸಿ.

ಮೂರನೆಯದು, ಗಾಡಿ ಎಫ್‌ಸಿ (ಫಿಟ್ನೆಸ್ ಪರೀಕ್ಷೆ) ಪಾಸಾಗುತ್ತಾ? ತಳ ತುಕ್ಕು ಹಿಡಿದಿದೆಯಾ, ಹೊಗೆ ಬರುತ್ತಾ, ಬ್ರೇಕ್ ಸರಿ ಇದೆಯಾ? ನಂಬಿಕೆಯ ಮೆಕ್ಯಾನಿಕ್ ಅರ್ಧ ಗಂಟೆಯಲ್ಲಿ ಹೇಳುತ್ತಾರೆ. ಮುಂದಿನ ಎರಡು ವರ್ಷದಲ್ಲಿ ಬರಬಹುದಾದ ದೊಡ್ಡ ಖರ್ಚು ಏನು ಅಂತ ಅವರನ್ನೇ ಕೇಳಿ. ಕ್ಲಚ್, ಸಸ್ಪೆನ್ಷನ್, ಎಸಿ ಕಂಪ್ರೆಸರ್, ಟೈರು, ಇವಿಷ್ಟೇ ಸಾಮಾನ್ಯವಾಗಿ ಜೇಬು ಖಾಲಿ ಮಾಡುವುದು.

ನಾಲ್ಕನೆಯದು, ಹೊಸ ಕಾರಿಗೆ ಕೈಯಲ್ಲಿ ದುಡ್ಡಿದೆಯಾ, ಸಾಲವಾ? ಸಾಲ ಅಂದರೆ ಲೆಕ್ಕ ಪೂರ್ತಿ ತಿರುಗಿಬಿಡುತ್ತದೆ. ಮುಂದೆ ನೋಡೋಣ.

ಆಯ್ಕೆ ಒಂದು: ಇದೇ ಕಾರನ್ನು ಉಳಿಸಿಕೊಳ್ಳುವುದು

ಜನ ಇದನ್ನು ಆಯ್ಕೆ ಅಂತಲೇ ಎಣಿಸುವುದಿಲ್ಲ. ಆದರೆ ಬಹಳಷ್ಟು ಮನೆಗಳಿಗೆ ಇದೇ ಅಗ್ಗ.

ಸ್ವಂತ ಬಳಕೆಯ ಕಾರಿನ ಮೊದಲ ರಿಜಿಸ್ಟ್ರೇಷನ್ 15 ವರ್ಷಕ್ಕೆ. ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಮುಂಚೆ ಇದರ ಶುಲ್ಕ ಬರೀ 600 ರೂ. ಇತ್ತು. 2022ರ ಏಪ್ರಿಲ್‌ನಿಂದ 5,000 ರೂ. ಆಯಿತು. 2025ರ ಆಗಸ್ಟ್‌ನಲ್ಲಿ ಇನ್ನೊಂದು ಹಂತ ಸೇರಿಸಿದರು: 20 ವರ್ಷ ದಾಟಿದ ಕಾರಿಗೆ 10,000 ರೂ. ವಿದೇಶದಿಂದ ತರಿಸಿದ ಕಾರಾದರೆ ಮೊತ್ತ ಇನ್ನೂ ಎಷ್ಟೋ ಪಟ್ಟು ಜಾಸ್ತಿ. ಇದರ ಜೊತೆ ಫಿಟ್ನೆಸ್ ಪರೀಕ್ಷೆಯ ಖರ್ಚು, ರಾಜ್ಯದ ಹಸಿರು ತೆರಿಗೆ. ಅವಧಿ ಮುಗಿಯುವುದಕ್ಕೆ 60 ದಿನ ಇರುವಾಗಲೇ ಅರ್ಜಿ ಹಾಕಬಹುದು. ತಡ ಮಾಡಿದರೆ ತಿಂಗಳಿಗೆ 500 ರೂ. ದಂಡ. "ಗಾಡಿ ಸುಮ್ನೆ ನಿಂತಿತ್ತು, ಮರೆತುಹೋಯ್ತು" ಅನ್ನುವವರಿಗೆ ಇದು ಎರಡು ವರ್ಷದಲ್ಲಿ 12,000 ರೂ. ಆಗುತ್ತದೆ. ಹಳೆ ನಂಬರ್ ಪ್ಲೇಟ್ ಇದ್ದರೆ ಹೈ ಸೆಕ್ಯುರಿಟಿ ಪ್ಲೇಟ್ ಮೊದಲು ಹಾಕಿಸಿಕೊಳ್ಳಿ, ಇಲ್ಲದಿದ್ದರೆ ಆರ್‌ಟಿಒ ಬಾಗಿಲಿನಿಂದಲೇ ವಾಪಸ್ ಬರಬೇಕಾಗುತ್ತದೆ.

5,000 ರೂ. ಕೇಳಿದಾಗ ಜಾಸ್ತಿ ಅನ್ನಿಸುತ್ತದೆ. ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಸಾವಿರ ರೂಪಾಯಿ. ಹೊಸ ಕಾರಿನ ಮೊದಲ ವರ್ಷದ ಇನ್ಶೂರೆನ್ಸ್ ಕೂಡ ಇದಕ್ಕಿಂತ ಎಷ್ಟೋ ಹೆಚ್ಚು.

ಈಗ ಪೆಟ್ರೋಲ್ ಲೆಕ್ಕ. ಹಳೆ ಕಾರು ಲೀಟರಿಗೆ 12 ಕಿ.ಮೀ. ಕೊಡುತ್ತದೆ, ಹೊಸದು 20 ಕೊಡುತ್ತದೆ ಅಂದುಕೊಳ್ಳಿ. ಪೆಟ್ರೋಲ್ ಲೀಟರಿಗೆ 100 ರೂ. ಅಂತ ಲೆಕ್ಕದ ಸುಲಭಕ್ಕೆ ಇಟ್ಟುಕೊಳ್ಳೋಣ. ತಿಂಗಳಿಗೆ 300 ಕಿ.ಮೀ. ಓಡಿಸುವವರು ಹಳೆ ಕಾರಿಗೆ 25 ಲೀಟರ್ ಹಾಕುತ್ತಾರೆ, ಹೊಸದಕ್ಕೆ 15. ಉಳಿತಾಯ ತಿಂಗಳಿಗೆ 1,000 ರೂ. ಸಾವಿರ ಕಿ.ಮೀ. ಓಡಿಸುವವರಿಗೆ ಉಳಿಯುವುದು ಸುಮಾರು 3,300 ರೂ. ಇನ್ನೊಂದು ಕಡೆ, 8 ಲಕ್ಷ ಸಾಲ, ಶೇ. 9 ಬಡ್ಡಿ, ಏಳು ವರ್ಷ: ಕಂತು ತಿಂಗಳಿಗೆ ಸುಮಾರು 12,900 ರೂ. ಅಂದರೆ ಮೈಲೇಜ್ ಉಳಿತಾಯದಿಂದ ಕಂತು ಕಟ್ಟುತ್ತೇನೆ ಅನ್ನುವ ಮಾತು ಹತ್ತಿರಕ್ಕೂ ಬರುವುದಿಲ್ಲ. ಇಂಧನ ಉಳಿಯುತ್ತೆ ಅನ್ನುವುದೊಂದೇ ಕಾರಣಕ್ಕೆ ಸಾಲ ಮಾಡಿ ಕಾರು ಬದಲಿಸಬೇಡಿ.

ಹಾಗಂತ ಉಳಿಸಿಕೊಳ್ಳುವುದರಲ್ಲಿ ನಷ್ಟವೇ ಇಲ್ಲ ಅಂತಲ್ಲ. ಈಗ ಬಂಕ್‌ಗಳಲ್ಲಿ ಸಿಗುವುದು ಶೇ. 20 ಎಥೆನಾಲ್ ಬೆರೆಸಿದ ಪೆಟ್ರೋಲ್. ಹಳೆ ಕಾರುಗಳನ್ನು ಇದಕ್ಕೆಂದು ಮಾಡಿದ್ದಲ್ಲ. ಮೈಲೇಜ್ ಸ್ವಲ್ಪ ಇಳಿಯುತ್ತದೆ, ರಬ್ಬರ್ ಪೈಪು, ಸೀಲುಗಳ ಮೇಲೆ ಕಣ್ಣಿಡಬೇಕು. ಸುರಕ್ಷತೆ ಇನ್ನೂ ದೊಡ್ಡ ವಿಷಯ. ಎಲ್ಲ ಹೊಸ ಕಾರಿಗೂ ಎಬಿಎಸ್ (ಜೋರಾಗಿ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ) ಬ್ರೇಕ್ ಕಡ್ಡಾಯ ಆಗಿದ್ದು 2019ರಲ್ಲಿ, ಮುಂದಿನ ಎರಡೂ ಸೀಟಿಗೆ ಏರ್‌ಬ್ಯಾಗ್ ಕಡ್ಡಾಯ ಆಗಿದ್ದು 2021ರಲ್ಲಿ. 2010ರ ಬೇಸ್ ಮಾಡೆಲ್ ಸಣ್ಣ ಕಾರುಗಳಲ್ಲಿ ಎರಡೂ ಇಲ್ಲದಿರುವುದೇ ಹೆಚ್ಚು. ಊರೊಳಗೆ ತರಕಾರಿ, ಮಕ್ಕಳ ಸ್ಕೂಲು ಅಂತ ಓಡಾಡುವುದಕ್ಕೆ ಪರವಾಗಿಲ್ಲ. ಪ್ರತಿ ವಾರ ಕುಟುಂಬ ಸಮೇತ ಹೈವೇಯಲ್ಲಿ 100ರ ವೇಗದಲ್ಲಿ ಹೋಗುವವರಾದರೆ, ನಾನು ಪೆಟ್ರೋಲ್ ಲೆಕ್ಕ ಪಕ್ಕಕ್ಕಿಟ್ಟು ಕಾರು ಬದಲಿಸಿ ಅನ್ನುತ್ತೇನೆ.

ಡೀಸೆಲ್ ಆದರೆ ಇನ್ನೊಂದು ಮಾತು. ಬಿಎಸ್ ಅಂದರೆ ಸರ್ಕಾರ ಹಾಕಿದ ಹೊಗೆ ಮಿತಿಯ ಹಂತ. ಬಿಎಸ್-4 ಡೀಸೆಲ್ ಕಾರು ಕಿಲೋಮೀಟರಿಗೆ 0.25 ಗ್ರಾಂ ನೈಟ್ರೋಜನ್ ಆಕ್ಸೈಡ್ ಬಿಡಬಹುದಿತ್ತು. ಬಿಎಸ್-6ರಲ್ಲಿ ಮಿತಿ 0.08 ಗ್ರಾಂ. ಮಸಿಯ ಕಣದ ಮಿತಿ 0.025ರಿಂದ 0.0045ಕ್ಕೆ ಇಳಿಯಿತು. ಪೆಟ್ರೋಲ್ ಕಾರುಗಳಲ್ಲಿ ಈ ವ್ಯತ್ಯಾಸ ಇಷ್ಟು ದೊಡ್ಡದಲ್ಲ. ಹಾಗಾಗಿ ಪರಿಸರದ ದೃಷ್ಟಿಯಿಂದ ಮೊದಲು ರಸ್ತೆಯಿಂದ ಇಳಿಯಬೇಕಾದದ್ದು ದಿನವೂ ಓಡುವ ಹಳೆ ಡೀಸೆಲ್ ಗಾಡಿ. ವಾರಕ್ಕೊಮ್ಮೆ ಹೊರಬೀಳುವ ಪೆಟ್ರೋಲ್ ಕಾರಿನ ಸರದಿ ಆಮೇಲೆ.

ಆಯ್ಕೆ ಎರಡು: ಮಾರುವುದು ಅಥವಾ ಎಕ್ಸ್‌ಚೇಂಜ್

ಕಾರಿನಲ್ಲಿ ಇನ್ನೂ ಜೀವ ಇದ್ದರೆ ಹೆಚ್ಚು ದುಡ್ಡು ಸಿಗುವುದು ಇಲ್ಲೇ. ನೇರವಾಗಿ ಪರಿಚಯದವರಿಗೆ ಮಾರಿದರೆ ಒಳ್ಳೆ ಬೆಲೆ, ಶೋರೂಮ್‌ನಲ್ಲಿ ಎಕ್ಸ್‌ಚೇಂಜ್‌ಗೆ ಕೊಟ್ಟರೆ ಬೆಲೆ ಕಡಿಮೆ ಆದರೆ ತಲೆನೋವೂ ಕಡಿಮೆ. ಎಕ್ಸ್‌ಚೇಂಜ್ ಬೋನಸ್ ಅಂತ ಕಂಪನಿಗಳು ಮೇಲೆ ಒಂದಷ್ಟು ಕೊಡುತ್ತವೆ. ಅದು ತಿಂಗಳಿಂದ ತಿಂಗಳಿಗೆ, ಮಾಡೆಲ್‌ನಿಂದ ಮಾಡೆಲ್‌ಗೆ ಬದಲಾಗುತ್ತದೆ. ಒಂದು ಕಿವಿಮಾತು: "ನಿಮ್ಮ ಕಾರಿಗೆ ಇಷ್ಟು, ಬೋನಸ್ ಇಷ್ಟು, ಹೊಸ ಕಾರಿನ ಡಿಸ್ಕೌಂಟ್ ಇಷ್ಟು" ಅಂತ ಮೂರೂ ಬೇರೆ ಬೇರೆ ಬರೆಸಿಕೊಳ್ಳಿ. ಒಟ್ಟಿಗೆ ಸೇರಿಸಿ ಒಂದೇ ಅಂಕಿ ಹೇಳಿದರೆ ಎಲ್ಲಿ ಕೊಟ್ಟರು, ಎಲ್ಲಿ ಕಿತ್ತುಕೊಂಡರು ಅಂತ ಗೊತ್ತೇ ಆಗುವುದಿಲ್ಲ.

15 ವರ್ಷದ ಗಡಿ ಇಲ್ಲಿ ಬೆಲೆಯನ್ನು ಕಚ್ಚುತ್ತದೆ. ಆರ್‌ಸಿಯಲ್ಲಿ ಆರು ತಿಂಗಳು ಉಳಿದಿರುವ ಕಾರನ್ನು ಕೊಳ್ಳುವವರು ನವೀಕರಣದ ಖರ್ಚು, ಓಡಾಟ ಎಲ್ಲ ಕಳೆದೇ ಕೇಳುತ್ತಾರೆ. ನಿಮ್ಮ ಕಾರಿಗೆ ಈಗ 12-13 ವರ್ಷ ಆಗಿದ್ದು ಹೇಗೂ ಬದಲಿಸುವ ಯೋಚನೆ ಇದ್ದರೆ, ಕೊನೆ ವರ್ಷದವರೆಗೆ ಕಾಯಬೇಡಿ.

ಮಾರುವಾಗ ಬೆಲೆಗಿಂತ ಮುಖ್ಯವಾದದ್ದು ಹೆಸರು ಬದಲಾಯಿಸುವುದು. ಎಷ್ಟೋ ಜನ ಹೆಸರು ವರ್ಗಾವಣೆಯ ಫಾರ್ಮ್ 29, 30ಕ್ಕೆ ಸಹಿ ಹಾಕಿ, ದುಡ್ಡು ಎಣಿಸಿಕೊಂಡು, ಕೈ ತೊಳೆದುಕೊಳ್ಳುತ್ತಾರೆ. ಆರ್‌ಸಿಯಲ್ಲಿ ನಿಮ್ಮ ಹೆಸರು ಇರುವವರೆಗೆ ಅಪಘಾತದ ಪರಿಹಾರದ ಹೊಣೆ ನಿಮ್ಮದೇ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಗಾಡಿ ಎಷ್ಟು ಕೈ ಬದಲಾದರೂ ಅಷ್ಟೇ. ರಾಜ್ಯದೊಳಗೆ ಮಾರಿದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. 2023ರ ಏಪ್ರಿಲ್‌ನಿಂದ ಅಧಿಕೃತ ಸೆಕೆಂಡ್ ಹ್ಯಾಂಡ್ ಡೀಲರ್‌ಗಳಿಗೆ ಇನ್ನೊಂದು ವ್ಯವಸ್ಥೆ ಬಂದಿದೆ: ನೀವು ಗಾಡಿ ಒಪ್ಪಿಸಿದ್ದನ್ನು ಪೋರ್ಟಲ್‌ನಲ್ಲಿ ದಾಖಲಿಸಿದರೆ ಅಲ್ಲಿಂದ ಹೊಣೆ ಡೀಲರ್‌ನದು. ಡೀಲರ್ ಅಧಿಕೃತನಾ ಅಂತ ಕೇಳುವುದಕ್ಕೆ ನಾಚಿಕೆ ಬೇಡ.

ಇದೇ ಕಾರಣಕ್ಕೆ, ಬೀದಿ ಬದಿಯ ಗುಜರಿಗೆ ಕಾರು ಕೊಡುವುದು ಎಲ್ಲಕ್ಕಿಂತ ಕೆಟ್ಟ ಆಯ್ಕೆ. ಅಲ್ಲಿ ಎರಡು ಸಾವಿರ ಜಾಸ್ತಿ ಸಿಗಬಹುದು. ಆದರೆ ಆರ್‌ಸಿ ರದ್ದಾಗುವುದಿಲ್ಲ, ಗಾಡಿ ನಿಜವಾಗಿ ಮುರಿಯುತ್ತಾರೋ ಇಲ್ಲ ಯಾವನೋ ಓಡಿಸುತ್ತಾನೋ ಗೊತ್ತಿಲ್ಲ, ರಿಯಾಯಿತಿಗೆ ಬೇಕಾದ ಸರ್ಟಿಫಿಕೇಟೂ ಇಲ್ಲ.

ಆಯ್ಕೆ ಮೂರು: ಅಧಿಕೃತ ಕೇಂದ್ರಕ್ಕೆ ಸ್ಕ್ರ್ಯಾಪ್‌ಗೆ ಕೊಟ್ಟು ಹೊಸದು ಕೊಳ್ಳುವುದು

2021ರ ಆಗಸ್ಟ್‌ನಲ್ಲಿ ಶುರುವಾದ ಕೇಂದ್ರದ ಯೋಜನೆ ಇದು. ಸರ್ಕಾರ ನೋಂದಾಯಿಸಿದ ಸ್ಕ್ರ್ಯಾಪ್ ಕೇಂದ್ರಕ್ಕೆ ಗಾಡಿ ಒಪ್ಪಿಸಿದರೆ ಅವರು ಠೇವಣಿ ಪ್ರಮಾಣಪತ್ರ ಕೊಡುತ್ತಾರೆ. ಶೋರೂಮ್‌ನವರು ಇದನ್ನು ಸಿಒಡಿ ಅನ್ನುತ್ತಾರೆ. ಎಲ್ಲ ರಿಯಾಯಿತಿಯೂ ಈ ಕಾಗದದ ಮೇಲೆ ನಿಂತಿದೆ.

ಏನೇನು ಸಿಗುತ್ತದೆ? ಮೊದಲು ಗುಜರಿ ಬೆಲೆ. ಹೊಸ ಗಾಡಿಯ ಎಕ್ಸ್‌ಶೋರೂಮ್ ಬೆಲೆಯ ಶೇ. 4ರಿಂದ 6ರಷ್ಟು ಅಂತ ಯೋಜನೆ ಪ್ರಕಟಿಸುವಾಗ ಹೇಳಿದ್ದರು. ನಿಜದಲ್ಲಿ ಕೇಂದ್ರದವರು ತೂಕ, ಕಬ್ಬಿಣದ ದರ, ಬ್ಯಾಟರಿ ಮತ್ತು ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇದೆಯಾ ಅಂತ ನೋಡಿ ಬೆಲೆ ಕಟ್ಟುತ್ತಾರೆ. ಎರಡು ಕೇಂದ್ರಗಳಲ್ಲಿ ಕೇಳಿ. 2025ರ ಏಪ್ರಿಲ್‌ನಿಂದ ಕಾರು ಕಂಪನಿಗಳು ತಾವು ಮಾರಿದ ಗಾಡಿಗಳ ಕಬ್ಬಿಣದಲ್ಲಿ ಇಂತಿಷ್ಟು ಪಾಲು ಸ್ಕ್ರ್ಯಾಪ್ ಆಗುವಂತೆ ನೋಡಿಕೊಂಡು, ಆ ಲೆಕ್ಕದ ಸರ್ಟಿಫಿಕೇಟನ್ನು ಇದೇ ಕೇಂದ್ರಗಳಿಂದ ಕೊಳ್ಳಬೇಕು ಅಂತ ನಿಯಮ ಬಂದಿದೆ. ಅಂದರೆ ಕೇಂದ್ರಗಳಿಗೆ ನಿಮ್ಮ ಗಾಡಿಯಿಂದ ಇನ್ನೊಂದು ಆದಾಯ ಇದೆ. ಚೌಕಾಸಿ ಮಾಡಲು ಜಾಗ ಇದೆ ಅಂತಾಯ್ತು, ಅಲ್ವಾ?

ಎರಡನೆಯದು ಕಂಪನಿಯ ಡಿಸ್ಕೌಂಟ್. ಶೇ. 5 ಕೊಡಿ ಅಂತ ಸರ್ಕಾರ ಮೊದಲು ಸಲಹೆ ಕೊಟ್ಟಿತ್ತು. ಸಲಹೆ ಅಷ್ಟೇ, ಕಡ್ಡಾಯ ಅಲ್ಲ. 2024ರ ಆಗಸ್ಟ್‌ನಲ್ಲಿ ಬಹುತೇಕ ಕಾರು ಕಂಪನಿಗಳು ಒಪ್ಪಿಕೊಂಡಿದ್ದು ಇಷ್ಟು: ಹಿಂದಿನ ಆರು ತಿಂಗಳಲ್ಲಿ ಕಾರು ಸ್ಕ್ರ್ಯಾಪ್ ಮಾಡಿದವರಿಗೆ ಹೊಸ ಕಾರಿನ ಬೆಲೆಯ ಶೇ. 1.5 ಅಥವಾ 20,000 ರೂ., ಯಾವುದು ಕಡಿಮೆಯೋ ಅದು. ಆಗ ಹೇಳಿದ್ದು ಒಂದು ವರ್ಷದ ಅವಧಿಗೆ. ಹಾಗಾಗಿ ಬುಕ್ ಮಾಡುವ ದಿನ ಈಗಿನ ಆಫರ್ ಏನು ಅಂತ ಕೇಳಲೇಬೇಕು. ಇದರಲ್ಲಿ ಒಂದು ಕೊಕ್ಕೆ ಇದೆ. ಸ್ಕ್ರ್ಯಾಪ್ ಡಿಸ್ಕೌಂಟ್ ತಗೊಂಡರೆ ಎಕ್ಸ್‌ಚೇಂಜ್ ಬೋನಸ್ ಇಲ್ಲ. ಎರಡರಲ್ಲಿ ಒಂದೇ.

ಮೂರನೆಯದು ರಸ್ತೆ ತೆರಿಗೆಯ ರಿಯಾಯಿತಿ. ಸ್ವಂತ ಗಾಡಿಗೆ ಶೇ. 25ರವರೆಗೆ, ಬಾಡಿಗೆ ಗಾಡಿಗೆ ಶೇ. 15ರವರೆಗೆ ಕೊಡಬಹುದು ಅಂತ ಕೇಂದ್ರದ ನಿಯಮ. "ವರೆಗೆ" ಅನ್ನುವುದನ್ನು ಜಾಹೀರಾತುಗಳು ನುಂಗಿಬಿಡುತ್ತವೆ. ಎಷ್ಟು ಕೊಡುವುದು ಅನ್ನುವುದು ರಾಜ್ಯದ ಕೈಯಲ್ಲಿದೆ. ಕರ್ನಾಟಕ ಶೇಕಡಾ ಲೆಕ್ಕದ ಬದಲು ಹೊಸ ಕಾರಿನ ಬೆಲೆಯ ಹಂತಕ್ಕೆ ತಕ್ಕ ನಿಗದಿ ಮೊತ್ತದ ದಾರಿ ಹಿಡಿದಿದೆ. ಕಾರು ಸಣ್ಣದಾದಷ್ಟೂ ರಿಯಾಯಿತಿಯೂ ಸಣ್ಣದು.

ಕೊನೆಯದು ಹೊಸ ಗಾಡಿಯ ನೋಂದಣಿ ಶುಲ್ಕ ಮಾಫಿ. ಕೇಳಲು ಚೆಂದ. ಕಾರಿಗೆ ಅದು 600 ರೂ.

ಎಲ್ಲ ಕೂಡಿಸಿ ನೋಡೋಣ. ಹೊಸ ಕಾರಿನ ಬೆಲೆ 8 ಲಕ್ಷ. ಗುಜರಿ ಬೆಲೆ 35,000 ಅಂದುಕೊಳ್ಳಿ. ಕಂಪನಿ ಡಿಸ್ಕೌಂಟ್ ಶೇ. 1.5 ಅಂದರೆ 12,000. ನೋಂದಣಿ 600. ಒಟ್ಟು 47,600 ರೂ. ಇದರ ಮೇಲೆ ತೆರಿಗೆ ರಿಯಾಯಿತಿ. ನಮ್ಮಲ್ಲಿ 5ರಿಂದ 10 ಲಕ್ಷದ ಕಾರಿಗೆ ಲೈಫ್ ಟ್ಯಾಕ್ಸ್ (ಒಂದೇ ಸಲ ಕಟ್ಟುವ ರಸ್ತೆ ತೆರಿಗೆ) ಶೇ. 14, ಅದರ ಮೇಲೆ ಸೆಸ್. ಸೆಸ್ ಬಿಟ್ಟು 1.12 ಲಕ್ಷ. ಕೇಂದ್ರ ಹೇಳಿದ ಗರಿಷ್ಠ ಶೇ. 25 ಪೂರ್ತಿ ಸಿಕ್ಕರೂ 28,000. ಹಾಗಾಗಿ ತುಂಬಾ ಉದಾರವಾಗಿ ಲೆಕ್ಕ ಹಾಕಿದರೂ ಮೊತ್ತ 76,000 ದಾಟುವುದು ಕಷ್ಟ. ಸಾಮಾನ್ಯವಾಗಿ 50-60 ಸಾವಿರದ ಹತ್ತಿರ ನಿಲ್ಲುತ್ತದೆ.

ಇದೇ ನಿಮ್ಮ ಅಳತೆಗೋಲು. ಮಾರಿದರೆ ಸಿಗುವ ಬೆಲೆಗೆ ಎಕ್ಸ್‌ಚೇಂಜ್ ಬೋನಸ್ ಸೇರಿಸಿ. ಅದು ಈ ಮೊತ್ತಕ್ಕಿಂತ ಸಾಕಷ್ಟು ಜಾಸ್ತಿ ಇದ್ದರೆ ಮಾರಿ. ಲಕ್ಷ ರೂಪಾಯಿ ಬಾಳುವ ಕಾರನ್ನು ಸರ್ಕಾರದ ರಿಯಾಯಿತಿಗೆ ಅಂತ ಗುಜರಿಗೆ ಹಾಕುವುದು ದಡ್ಡತನ. ಆದರೆ ಎಫ್‌ಸಿ ಆಗದ, ಅಪಘಾತವಾಗಿ ನಿಂತ, ಇಂಜಿನ್ ಕೆಲಸ ಬಾಕಿ ಇರುವ ಕಾರಿಗೆ ಯಾರೂ 30,000ಕ್ಕಿಂತ ಹೆಚ್ಚು ಕೊಡುವುದಿಲ್ಲ. ಅಂಥದ್ದಕ್ಕೆ ಸ್ಕ್ರ್ಯಾಪ್ ಸ್ಪಷ್ಟವಾಗಿ ಒಳ್ಳೆಯದು. ಇವೆರಡರ ನಡುವೆ, ಬೆಲೆ ಹೆಚ್ಚುಕಡಿಮೆ ಸಮ ಇದ್ದರೆ, ನಾನಾದರೆ ಸ್ಕ್ರ್ಯಾಪ್ ಕಡೆಗೇ ವಾಲುತ್ತೇನೆ. ಆರ್‌ಸಿ ಪಕ್ಕಾ ರದ್ದಾಗುತ್ತದೆ, ಮುಂದೆ ಯಾವ ನೋಟಿಸೂ ಮನೆಗೆ ಬರುವುದಿಲ್ಲ. ಆ ನೆಮ್ಮದಿಗೂ ಒಂದು ಬೆಲೆ ಇದೆ.

ಹೊಸ ಕಾರೇ ಬೇಡ ಅನ್ನುವವರಿಗೂ ದಾರಿ ಇದೆ. ಮಕ್ಕಳು ಊರು ಬಿಟ್ಟಿದ್ದಾರೆ, ಮೆಟ್ರೋ, ಆಟೋ ಸಾಕು ಅಂತಿದ್ದರೆ ಗಾಡಿ ಸ್ಕ್ರ್ಯಾಪ್‌ಗೆ ಕೊಟ್ಟು ಸಿಒಡಿಯನ್ನು ಬೇರೆಯವರಿಗೆ ಮಾರಬಹುದು. ಕೇಂದ್ರ ಸರ್ಕಾರದ ಎಂಎಸ್‌ಟಿಸಿ ಸಂಸ್ಥೆ ಇದಕ್ಕೆ ಡಿಜಿಇಎಲ್‌ವಿ ಅನ್ನುವ ಆನ್‌ಲೈನ್ ವೇದಿಕೆ ಮಾಡಿದೆ. ಸಿಒಡಿಯ ಮೇಲಿರುವ ಅವಧಿ ಮುಗಿಯುವುದರೊಳಗೆ ಮಾರಬೇಕು.

ಬದಲಿಸುವುದೇ ಆದರೆ ಯಾವುದಕ್ಕೆ?

ಹೊಸ ಕಾರಿನ ಮೇಲೆ ಸರ್ಕಾರದಿಂದ ಸಿಗುವ ದೊಡ್ಡ ಲಾಭಕ್ಕೂ ಹಳೆ ಕಾರಿಗೂ ಸಂಬಂಧವೇ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿನ ಜಿಎಸ್‌ಟಿ ಶೇ. 18ಕ್ಕೆ ಇಳಿಯಿತು. ಮುಂಚೆ ಶೇ. 28, ಮೇಲೆ ಸೆಸ್. ಸಣ್ಣ ಅಂದರೆ ಉದ್ದ ನಾಲ್ಕು ಮೀಟರ್ ಒಳಗೆ, ಪೆಟ್ರೋಲ್ ಇಂಜಿನ್ 1,200 ಸಿಸಿ, ಡೀಸೆಲ್ ಆದರೆ 1,500 ಸಿಸಿ ಒಳಗೆ. ಅದಕ್ಕಿಂತ ದೊಡ್ಡದಕ್ಕೆ ಶೇ. 40. ಎಲೆಕ್ಟ್ರಿಕ್‌ಗೆ ಶೇ. 5. ಈ ಇಳಿಕೆ 8 ಲಕ್ಷದ ಕಾರಿನಲ್ಲಿ ಇಡೀ ಸ್ಕ್ರ್ಯಾಪ್ ಲಾಭದಷ್ಟೇ ಅಥವಾ ಅದಕ್ಕಿಂತ ಜಾಸ್ತಿ ಆಗುತ್ತದೆ. ಹಾಗಾಗಿ ಬಜೆಟ್ ಬಿಗಿ ಇರುವವರು, ತಿಂಗಳಿಗೆ 500-600 ಕಿ.ಮೀ. ಒಳಗೆ ಓಡಿಸುವವರು ಸಣ್ಣ ಪೆಟ್ರೋಲ್ ಕಾರಿನಿಂದ ಆಚೆ ನೋಡುವ ಅಗತ್ಯ ಇಲ್ಲ.

ಸಿಎನ್‌ಜಿ ಸಾವಿರ ಕಿ.ಮೀ. ಮೇಲೆ ಓಡಿಸುವವರಿಗೆ. ಕಾರಿನ ಬೆಲೆ ಸ್ವಲ್ಪ ಜಾಸ್ತಿ, ಓಡಿಸುವ ಖರ್ಚು ಕಡಿಮೆ, ಡಿಕ್ಕಿಯ ಜಾಗ ಸಿಲಿಂಡರ್‌ಗೆ ಹೋಗುತ್ತದೆ. ನಿಮ್ಮ ದಿನದ ದಾರಿಯಲ್ಲಿ ಬಂಕ್ ಇದೆಯಾ, ಕ್ಯೂ ಎಷ್ಟು ಉದ್ದ ಅಂತ ಒಂದು ಸಂಜೆ ಹೋಗಿ ನೋಡಿ. ಇಂಜಿನ್ ಜೊತೆ ಬ್ಯಾಟರಿ ಮೋಟಾರೂ ಇರುವ ಸ್ಟ್ರಾಂಗ್ ಹೈಬ್ರಿಡ್ ಕಾರುಗಳ ಮೈಲೇಜ್ ಸಿಟಿ ಟ್ರಾಫಿಕ್‌ನಲ್ಲಿ ನಿಜಕ್ಕೂ ಚೆನ್ನಾಗಿದೆ. ಆದರೆ ಇಲ್ಲಿ ಸಿಗುವವು ಹೆಚ್ಚಾಗಿ ದೊಡ್ಡ ಕಾರುಗಳು, ಜಿಎಸ್‌ಟಿ ಶೇ. 40. ಉತ್ತರ ಪ್ರದೇಶ 2024ರಲ್ಲಿ ಇವಕ್ಕೆ ನೋಂದಣಿ ತೆರಿಗೆ ಮಾಫಿ ಮಾಡಿತ್ತು. ಆ ಸುದ್ದಿ ನೋಡಿ ಇಲ್ಲಿ ಲೆಕ್ಕ ಹಾಕಬೇಡಿ.

ಎಲೆಕ್ಟ್ರಿಕ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಓಡಿಸುವ ಖರ್ಚಿನಲ್ಲಿ ಇದಕ್ಕೆ ಸಾಟಿ ಇಲ್ಲ. ಯೂನಿಟ್‌ಗೆ 7 ಕಿ.ಮೀ. ಸಿಕ್ಕರೂ ಸಾವಿರ ಕಿಲೋಮೀಟರಿಗೆ ಸುಮಾರು 143 ಯೂನಿಟ್. 2025ರ ಏಪ್ರಿಲ್‌ನಲ್ಲಿ ಮನೆ ವಿದ್ಯುತ್ ದರ ಯೂನಿಟ್‌ಗೆ 5.80 ರೂ. ಆಗಿತ್ತು. ಮೇಲಿನ ಶುಲ್ಕ ಸೇರಿಸಿದರೂ ತಿಂಗಳಿಗೆ ಸಾವಿರ ರೂಪಾಯಿಯ ಒಳಗೆ. ಅದೇ ಓಡಾಟಕ್ಕೆ ಹಳೆ ಪೆಟ್ರೋಲ್ ಕಾರು 8,300 ರೂ. ನುಂಗುತ್ತಿತ್ತು. ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ ಬರುತ್ತಿರುವ ಮನೆಯವರು ಮಾತ್ರ ಇದನ್ನು ಎರಡು ಸಲ ಓದಿ. ಕಾರು ಚಾರ್ಜ್ ಮಾಡಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಕಾರಿಗೆ ಪ್ರತ್ಯೇಕ ಮೀಟರ್ ಹಾಕಿಸಿಕೊಳ್ಳುವ ಬಗ್ಗೆ ಮುಂಚೆಯೇ ವಿಚಾರಿಸಿ. ಅಪಾರ್ಟ್‌ಮೆಂಟ್‌ನಲ್ಲಿದ್ದರೆ ಅಸೋಸಿಯೇಷನ್ ಒಪ್ಪಿಗೆ ಬರಹದಲ್ಲಿ ಸಿಗುವ ತನಕ ಬುಕಿಂಗ್ ಬೇಡ.

ಎಲೆಕ್ಟ್ರಿಕ್ ಕಾರಿಗೆ "ಸಬ್ಸಿಡಿ ಇದೆ ಸಾರ್" ಅನ್ನುವವರನ್ನು ಪೂರ್ತಿ ನಂಬಬೇಡಿ. 2024ರ ಅಕ್ಟೋಬರ್‌ನಲ್ಲಿ ಶುರುವಾದ ಪಿಎಂ ಇ-ಡ್ರೈವ್ ಯೋಜನೆ ಸ್ಕೂಟರ್, ಆಟೋ, ಬಸ್, ಲಾರಿ, ಆಂಬ್ಯುಲೆನ್ಸ್‌ಗಳಿಗೆ. ಸ್ವಂತ ಕಾರು ಅದರಲ್ಲಿಲ್ಲ. ಸಾಲದ ಬಡ್ಡಿಯ ಮೇಲಿದ್ದ ಆದಾಯ ತೆರಿಗೆ ವಿನಾಯಿತಿ 2023ರ ಮಾರ್ಚ್ 31ರ ತನಕ ಮಂಜೂರಾದ ಸಾಲಗಳಿಗೆ ಮಾತ್ರ. ಲೈಫ್ ಟ್ಯಾಕ್ಸ್ ವಿಷಯದಲ್ಲೂ ಹಳೆ ಕಾಲ ಇಲ್ಲ: 25 ಲಕ್ಷ ದಾಟಿದ ಎಲೆಕ್ಟ್ರಿಕ್ ಕಾರಿಗೆ ಕರ್ನಾಟಕ 2024ರಲ್ಲಿ ಶೇ. 10 ತೆರಿಗೆ ಹಾಕಿತು. ಆನ್‌ರೋಡ್ ಬೆಲೆಯ ಕೊಟೇಶನ್‌ನಲ್ಲಿ ಆ ದಿನದ ತೆರಿಗೆ ಬೇರೆಯಾಗಿ ತೋರಿಸಲು ಹೇಳಿ. ಇನ್ನೊಂದು ಸೂಕ್ಷ್ಮ: ತೆರಿಗೆಯೇ ಇಲ್ಲದ ಅಥವಾ ಕಡಿಮೆ ಇರುವ ಕಾರಿಗೆ ಸಿಒಡಿಯ ತೆರಿಗೆ ರಿಯಾಯಿತಿ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ, ಕಳೆಯಲು ತೆರಿಗೆ ಇರಬೇಕಲ್ಲ. ಅಂಥವರು ಹಳೆ ಕಾರನ್ನು ಎಕ್ಸ್‌ಚೇಂಜ್‌ಗೆ ಕೊಡುವುದೇ ಲಾಭ ಆಗಬಹುದು.

ಸ್ಕ್ರ್ಯಾಪ್‌ಗೆ ಕೊಡುವವರಿಗೆ ಕೆಲಸದ ಕ್ರಮ

ಸಾರಿಗೆ ಇಲಾಖೆಯ ವಿ-ಸ್ಕ್ರ್ಯಾಪ್ ಪೋರ್ಟಲ್‌ನಲ್ಲಿ ನಿಮ್ಮ ಹತ್ತಿರದ ನೋಂದಾಯಿತ ಕೇಂದ್ರ ಹುಡುಕಿ, ಅಲ್ಲೇ ಅರ್ಜಿ ಹಾಕಬಹುದು. ಹಳೆ ಸಾಲದ ಹೈಪಾಥಿಕೇಷನ್ (ಗಾಡಿ ಬ್ಯಾಂಕಿಗೆ ಅಡವಿದೆ ಅನ್ನುವ ನಮೂದು) ಆರ್‌ಸಿಯಲ್ಲಿ ಇನ್ನೂ ಉಳಿದಿದ್ದರೆ ಬ್ಯಾಂಕ್‌ನಿಂದ ಎನ್‌ಒಸಿ ತಂದು ಮೊದಲು ತೆಗೆಸಿ. ಸಾಲ ತೀರಿಸಿ ಹತ್ತು ವರ್ಷ ಆಗಿದ್ದರೂ ಎಷ್ಟೋ ಆರ್‌ಸಿಗಳಲ್ಲಿ ಅದು ಹಾಗೇ ಇರುತ್ತದೆ. ಬಾಕಿ ಚಲನ್ ಕಟ್ಟಿ. ಆರ್‌ಸಿ, ಆಧಾರ್, ಪ್ಯಾನ್, ರದ್ದು ಮಾಡಿದ ಚೆಕ್ ಸಿದ್ಧ ಇರಲಿ. ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರ ಕಾಗದಪತ್ರಕ್ಕೆ ಸಮಯ ಹಿಡಿಯುತ್ತದೆ, ಬೇಗ ಶುರುಮಾಡಿ. ದುಡ್ಡು ಬ್ಯಾಂಕ್ ಖಾತೆಗೇ ಬರಲಿ. ಸಿಒಡಿ ಗಾಡಿ ಒಪ್ಪಿಸಿದಾಗ ಸಿಗುತ್ತದೆ, ಗಾಡಿ ಮುರಿದ ಮೇಲೆ ಸ್ಕ್ರ್ಯಾಪ್ ಆಗಿದೆ ಅನ್ನುವ ಇನ್ನೊಂದು ಸರ್ಟಿಫಿಕೇಟ್ ಬರುತ್ತದೆ. ಎರಡನ್ನೂ ಇಟ್ಟುಕೊಳ್ಳಿ, ವಾಹನ್ ಪೋರ್ಟಲ್‌ನಲ್ಲಿ ಆರ್‌ಸಿ ರದ್ದಾಗಿದೆಯಾ ಅಂತ ನೀವೇ ನೋಡಿ.

ಮಾರಿದರೂ ಸರಿ, ಸ್ಕ್ರ್ಯಾಪ್‌ಗೆ ಕೊಟ್ಟರೂ ಸರಿ, ಹಳೆ ಇನ್ಶೂರೆನ್ಸ್ ಪಾಲಿಸಿ ಎಸೆಯುವ ಮುಂಚೆ ಅದರಲ್ಲಿ ನೋ ಕ್ಲೇಮ್ ಬೋನಸ್ ಎಷ್ಟಿದೆ ನೋಡಿ. ಆ ಬೋನಸ್ ಕಾರಿನದ್ದಲ್ಲ, ನಿಮ್ಮದು. ವರ್ಷಗಟ್ಟಲೆ ಕ್ಲೇಮ್ ಮಾಡದವರಿಗೆ ಅದು ಶೇ. 50ರ ತನಕ ಇರುತ್ತದೆ. ಹಳೆ ಕಂಪನಿಯಿಂದ ಬೋನಸ್ ಪತ್ರ ತಗೊಂಡರೆ ಹೊಸ ಕಾರಿನ ಪಾಲಿಸಿಯಲ್ಲಿ, ಥರ್ಡ್ ಪಾರ್ಟಿ ಬಿಟ್ಟು ಉಳಿದ ಭಾಗದ ಪ್ರೀಮಿಯಂ ಅಷ್ಟು ಕಡಿಮೆ ಆಗುತ್ತದೆ. ಆ ಪತ್ರ ಮೂರು ವರ್ಷ ನಡೆಯುತ್ತದೆ. ಎಷ್ಟೋ ಕಾರುಗಳಲ್ಲಿ ಈ ಉಳಿತಾಯ ಕಂಪನಿಯ ಸ್ಕ್ರ್ಯಾಪ್ ಡಿಸ್ಕೌಂಟ್‌ನ ಹತ್ತಿರಕ್ಕೇ ಬರಬಹುದು. ಶೋರೂಮ್‌ನವರು ತಾವಾಗಿ ನೆನಪಿಸುವುದು ಕಡಿಮೆ. ಬುಕಿಂಗ್ ದಿನವೇ ಕೇಳಿ.